ಸೂರಿನ ಕೆಳಗೆ ನಾಲ್ಕು ಬೆರಳು

ನಾನು ಒಂದು ಕೋಳಿಗೂಡು. ಹುಟ್ಟಿದಾಗ ನನ್ನ ಕೆಲಸ ಬೇರೆಯಿತ್ತು. ಶಿಡ್ಲಘಟ್ಟದ ಸಮೀಪದ ಒಂದು ಊರಿನಲ್ಲಿ ಪಾಪಮ್ಮ ಎಂಬ ರೈತ ಹೆಂಗಸು ರೇಷ್ಮೆಹುಳು ಸಾಕುತ್ತಿದ್ದಳು. ಹುಳುವಿನ ತಟ್ಟೆಗಳನ್ನು ಒಂದರ ಮೇಲೊಂದು ಇಡಲು ನೀಲಗಿರಿ ಗಳಗಳಿಂದ ಅವಳು ಕಟ್ಟಿಸಿದ ಸ್ಟ್ಯಾಂಡು ನಾನು. ಆರು ಅಡಿ ಎತ್ತರ, ಐದು ಅಂತಸ್ತು. ಸಾವಿರಾರು ಹುಳುಗಳು ಏಕಕಾಲಕ್ಕೆ ಸೊಪ್ಪು ಮೇಯುವಾಗ ಸಣ್ಣ ಮಳೆ ಬಿದ್ದಂಥ ಸದ್ದು ಬರುತ್ತದೆ. ನನ್ನ ಬಾಲ್ಯವೆಲ್ಲ ಆ ಸದ್ದಿನಲ್ಲೇ ಕಳೆಯಿತು.

ಹದಿನಾಲ್ಕು ವರ್ಷ ಹಾಗೆ ನಿಂತಿದ್ದೆ. ಆಮೇಲೆ ಕೊಂಬೆ ಸಮೇತ ಸೊಪ್ಪು ಹಾಕುವ ಪದ್ಧತಿ ಬಂತು, ಕಬ್ಬಿಣದ ಅಗಲವಾದ ಸ್ಟ್ಯಾಂಡುಗಳು ಬಂದವು. ನನ್ನನ್ನು ಗೋಡೆಗೆ ಒರಗಿಸಿದರು. ಆ ಹೊತ್ತಿಗೆ ಪಾಪಮ್ಮನ ಮಗಳು ಅಕ್ಕಯ್ಯಮ್ಮ ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದಳು. ಗಂಡ ಕದಿರಪ್ಪ ಲಗೇಜ್ ಆಟೊ ಓಡಿಸುತ್ತಿದ್ದ. ಅವಳು ನೂಲು ಬಿಚ್ಚುವ ಘಟಕಕ್ಕೆ ಹೋಗುತ್ತಿದ್ದಳು. ಪಾಪಮ್ಮ ತನ್ನ ಕೊನೆಯ ಕಾಯಿಲೆಯಲ್ಲಿ ಮಗಳನ್ನು ಕರೆಸಿ ಆರು ಹೇಂಟೆ, ಒಂದು ಹುಂಜ ಒಪ್ಪಿಸಿದಳು. ಅವು ಬೋಳುಕತ್ತಿನ ನಾಟಿ ಕೋಳಿಗಳು. ಕತ್ತಿನ ಮೇಲೆ ಒಂದು ಪುಕ್ಕವೂ ಇರುವುದಿಲ್ಲ, ಕೆಂಪು ಚರ್ಮ ಬಯಲಾಗಿ ಕಾಣುತ್ತದೆ. ಊರಿನವರೆಲ್ಲ ಹೊಸ ತಳಿಗೆ ಹೋಗಿದ್ದರು. ಈ ತಳಿ ಉಳಿದದ್ದು ಪಾಪಮ್ಮನ ಹಿತ್ತಿಲಲ್ಲಿ ಮಾತ್ರ. "ಇವನ್ನ ಕಳೀಬ್ಯಾಡ. ಇವು ಹೋದ್ರೆ ಮತ್ತೆ ಎಲ್ಲೂ ಸಿಗಲ್ಲ" ಎಂದಳು. ಮಗಳು ಕಳೆಯುವುದಿಲ್ಲ ಎಂದು ಮಾತು ಕೊಟ್ಟಳು.

ಕೋಳಿಗಳ ಜೊತೆಗೆ ನಾನೂ ಆಟೊ ಹತ್ತಿದೆ. ಕದಿರಪ್ಪ ನನ್ನನ್ನು ನಡುವಿಗೆ ಗರಗಸ ಹಾಕಿ ಎರಡು ತುಂಡು ಮಾಡಿ, ಒಂದರ ಪಕ್ಕ ಇನ್ನೊಂದನ್ನು ಜೋಡಿಸಿದ. ಸುತ್ತ ಹಳೆಯ ಬಿದಿರು ತಟ್ಟೆ ಬಿಗಿದ, ಬಾಗಿಲಿಗೆ ತಂತಿ ಬಲೆ ಹೊಡೆದ, ಮೇಲೆ ತಗಡು ಹೊದಿಸಿದ. ಮೂರಡಿ ಎತ್ತರದ ಕೋಳಿಗೂಡಾಗಿ ಹಿತ್ತಿಲಲ್ಲಿ ನಿಂತೆ. ಹುಳು ತಿನ್ನುತ್ತದೆ, ಮಲಗುತ್ತದೆ, ಅಷ್ಟೇ. ಕೋಳಿ ಹಾಗಲ್ಲ. ಜಾಗಕ್ಕೆ ಜಗಳವಾಡುತ್ತದೆ, ಮೊಟ್ಟೆಯಿಟ್ಟರೆ ಬೀದಿಗೆಲ್ಲ ಸಾರುತ್ತದೆ. ಬದಲಾವಣೆ ನನಗೆ ಹಿಡಿಸಿತು.

ಮನೆಯ ಒಡತಿ ವನಜಾಕ್ಷಮ್ಮ ಮಹಡಿಯಲ್ಲಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನನ್ನ ಎತ್ತರದಿಂದ ಕಾಣುತ್ತಿದ್ದದ್ದು ಅವರ ಹವಾಯಿ ಚಪ್ಪಲಿ, ಒಂದಿಷ್ಟೂ ಮಣ್ಣು ತಾಗದ ಸೀರೆಯಂಚು. ಕೋಳಿ ಸಾಕಲು ಒಪ್ಪಿದ್ದರು, ಆದರೆ ವಾಸನೆ ಬರಬಾರದು ಎಂಬ ಷರತ್ತು ಹಾಕಿದ್ದರು. ಬೇಸಿಗೆ ಕಳೆಯಿತು, ಮುಂಗಾರು ಕಳೆಯಿತು, ಷರತ್ತು ಮುರಿಯಲಿಲ್ಲ.

ನಮ್ಮ ಕಡೆ ಮುಂಗಾರಿಗಿಂತ ಕಾರ್ತಿಕದ ಮಳೆ ಕಷ್ಟ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ದಿನಗಟ್ಟಲೆ ಜಡಿ ಹಿಡಿಯುತ್ತದೆ. ಬಿಸಿಲಿಲ್ಲ, ಮೂಡಣ ಗಾಳಿ ನಿಲ್ಲುವುದಿಲ್ಲ, ಚಳಿ. ಆ ವರ್ಷ ಹತ್ತೊಂಬತ್ತು ದಿನ ಹಿಡಿದ ಮಳೆ ಬಿಡಲಿಲ್ಲ.

ಮೊದಲ ದಿನವೇ ಅಕ್ಕಯ್ಯಮ್ಮ ನೀಲಿ ಪ್ಲಾಸ್ಟಿಕ್ ಹಾಳೆ ತಂದು ನನ್ನ ನಾಲ್ಕೂ ಕಡೆ ಸುತ್ತಿ ಹಗ್ಗ ಬಿಗಿದಳು. ಅದು ರೇಷ್ಮೆ ಮನೆಯಲ್ಲಿ ಬೆಳೆದವಳ ಬುದ್ಧಿ. ಆಗಷ್ಟೇ ಮೊಟ್ಟೆಯೊಡೆದ ಹುಳುವನ್ನು ಚಾಕಿ ಹುಳು ಎನ್ನುತ್ತಾರೆ. ಅದಕ್ಕೆ ಬೆಚ್ಚಗೆ ಇರಬೇಕು, ತೇವವೂ ಇರಬೇಕು. ಹಾಗಾಗಿ ಮೇಲೆ ಕೆಳಗೆ ಮೇಣದ ಕಾಗದ ಹಾಕಿ, ಬಾಗಿಲು ಕಿಟಕಿ ಮುಚ್ಚಿ ಸಾಕುತ್ತಾರೆ. ಎಳೆಯ ಜೀವಕ್ಕೆ ಚಳಿಯಾದರೆ ಮುಚ್ಚಬೇಕು ಎಂಬುದು ಅವಳ ಕೈ ಕಲಿತ ಪಾಠವಾಗಿತ್ತು.

ಒಂದು ಹನಿ ಮಳೆಯೂ ನನ್ನೊಳಗೆ ಬರಲಿಲ್ಲ. ಆದರೂ ನಾಲ್ಕನೆಯ ದಿನಕ್ಕೆ ನಾನು ಒಳಗಿನಿಂದ ಒದ್ದೆಯಾದೆ. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ಹನಿ ಸಾಲುಗಟ್ಟಿತು. ತಗಡಿನಿಂದ ಕೋಳಿಗಳ ಬೆನ್ನ ಮೇಲೆ ತೊಟ್ಟಿಕ್ಕಿತು. ಕೆಳಗೆ ಹಾಸಿದ್ದ ಕಡಲೆಕಾಯಿ ಹೊಟ್ಟು ಹಿಕ್ಕೆಯೊಂದಿಗೆ ಕಲಸಿ ಕೆಸರಾಯಿತು. ಕಣ್ಣು ಉರಿಯುವಂಥ ಗಾಟು ಎದ್ದಿತು. ಮಳೆ ತಡೆಯುವುದು ನನ್ನ ಕೆಲಸ ಎಂದುಕೊಂಡಿದ್ದೆ, ತಡೆದೂ ಇದ್ದೆ. ಎಲ್ಲಿ ತಪ್ಪಿತೆಂದು ನನಗೂ ತಿಳಿಯಲಿಲ್ಲ.

ಏಳನೆಯ ದಿನ ವನಜಾಕ್ಷಮ್ಮ ಕೊಡೆ ಹಿಡಿದು ಮೆಟ್ಟಿಲಿಳಿದು ಬಂದರು. ದನಿ ಏರಿಸಲಿಲ್ಲ. ಮೂರು ದಿನದಿಂದ ಕಿಟಕಿ ತೆರೆಯಲಾಗುತ್ತಿಲ್ಲ ಎಂದರು. ಮಳೆ ನಿಲ್ಲುವವರೆಗೆ ತಾಳಿ ಎಂದು ಅಕ್ಕಯ್ಯಮ್ಮ ಬೇಡಿದ್ದಕ್ಕೆ, ಮಳೆಗೂ ಷರತ್ತಿಗೂ ಸಂಬಂಧವಿಲ್ಲ ಎಂದರು.

"ಬರೋ ಭಾನುವಾರ ಬೆಳಿಗ್ಗೆ ಬಂದು ನೋಡ್ತೀನಿ. ವಾಸನೆ ಇದ್ರೆ ಕೋಳಿ ಇರಕೂಡದು. ಅವಕ್ಕೆ ಆ ಕತ್ತಿನ ರೋಗ ಬೇರೆ. ಪಾಪ, ಹಾಗೆ ಯಾಕಮ್ಮ ನರಳಿಸ್ತೀಯ?"

ರೋಗವಲ್ಲ ಎಂದು ಹೇಳುವಷ್ಟರಲ್ಲಿ ಕೊಡೆ ಮೆಟ್ಟಿಲು ಹತ್ತಿತ್ತು. ಮಾರಬೇಕಾದರೆ ಸಂತೆಯಲ್ಲಿ ಮಾಂಸಕ್ಕೇ ಕೊಳ್ಳುತ್ತಾರೆ. ಪಾಪಮ್ಮನ ತಳಿ ಅಲ್ಲಿಗೆ ಮುಗಿಯುತ್ತದೆ. ಅದು ಗೊತ್ತಿದ್ದ ಅಕ್ಕಯ್ಯಮ್ಮ ವಾಸನೆ ಹೊರಗೆ ಹೋಗದಿರಲೆಂದು ಹಗ್ಗವನ್ನು ಇನ್ನೂ ಬಿಗಿದಳು.

ಮರುದಿನ ಹುಂಜ ಸೀನಿತು. ಅದರ ಒಂದು ಕಣ್ಣಿನಲ್ಲಿ ನೊರೆ ಬಂದಿತ್ತು. ಬೆಳಿಗ್ಗೆ ಮೊಟ್ಟೆಗೆಂದು ಒಳಗೆ ಕೈಹಾಕಿದ ಅಕ್ಕಯ್ಯಮ್ಮನ ತೋಳು ಮೊಣಕೈವರೆಗೆ ಒದ್ದೆಯಾಗಿ ಹೊರಬಂತು. ಅವಳು ತೋಳು ನೋಡಿಕೊಂಡಳು. ಪ್ಲಾಸ್ಟಿಕ್ಕಿನಲ್ಲಿ ತೂತು ಹುಡುಕಿದಳು, ಇರಲಿಲ್ಲ. ಒಳಮೈಯನ್ನು ಬೆರಳಿಂದ ಒರೆಸಿದಳು. ಒರೆಸಿದ ಜಾಗ ನೋಡನೋಡುತ್ತ ಮತ್ತೆ ಮಂಜಾಯಿತು.

ಗಂಡನನ್ನು ಕರೆದಳು. "ಇದು ಮಳೆ ನೀರಲ್ಲ. ಇವುಗಳ ಉಸಿರು. ಏಳು ಜೀವ ಉಸಿರಾಡಿ ಉಸಿರಾಡಿ ತಮ್ಮ ಮೇಲೇ ಸುರಕೊಂತಾ ಅವೆ. ನಾನು ಚಾಕಿ ಹುಳು ಅಂದ್ಕೊಂಡು ಮುಚ್ಚಿಟ್ಟೆ. ಇವು ಜ್ವರಕ್ಕೆ ಕೂತ ಹುಳು ಇದ್ದಂಗೆ ಕಣಯ್ಯಾ."

ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವ ದಿನಗಳನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಮುಚ್ಚಿಟ್ಟರೆ ಹುಳು ಉಳಿಯುವುದಿಲ್ಲ. ಹಾಸಿನ ಮೇಲೆ ಸುಣ್ಣದ ಪುಡಿ ಉದುರಿಸಿ ಒಣಗಿಸಬೇಕು, ಗಾಳಿ ಆಡಬೇಕು. ಇದೂ ಅವಳ ಕೈಗೆ ಗೊತ್ತಿದ್ದದ್ದೇ. ಯಾವ ಪಾಠ ಯಾವ ಜೀವಕ್ಕೆ ಎನ್ನುವಲ್ಲಿ ಮಾತ್ರ ತಪ್ಪಿದ್ದಳು.

"ಸರಿ ಬಿಡು, ಇನ್ನು ಒಂದ್ವಾರಕ್ಕೆ ನೂಲು ಬಿಡ್ತವೆ" ಎಂದ ಕದಿರಪ್ಪ. ಹಾಗೆನ್ನುತ್ತಲೇ ಗರಗಸ ತರಲು ಹೋದ.

ಆ ದಿನ ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಕೋಳಿಗಳನ್ನು ಬುಟ್ಟಿಯಡಿ ಅಡುಗೆಮನೆಯಲ್ಲಿ ಕೂಡಿಹಾಕಿ ನನ್ನನ್ನು ಬರಿದು ಮಾಡಿದರು. ಸೂರಿನ ಕೆಳಗೆ ಸುತ್ತಲೂ ತಟ್ಟೆಯನ್ನು ಕೊಯ್ದು ನಾಲ್ಕು ಬೆರಳಗಲ ಸಂದು ಬಿಟ್ಟು, ಹೆಗ್ಗಣ ನುಗ್ಗದಂತೆ ತಂತಿ ಬಲೆ ಹೊಡೆದರು. ಪ್ಲಾಸ್ಟಿಕ್ ಉಳಿದದ್ದು ಗಾಳಿ ಬೀಸುವ ಮೂಡಣ ದಿಕ್ಕಿಗೆ ಮಾತ್ರ, ಅದೂ ಕೂತ ಕೋಳಿಯ ತಲೆಯಷ್ಟು ಎತ್ತರಕ್ಕೆ. ತಗಡು ಚಿಕ್ಕದಾಗಿತ್ತು, ಇರಚಲು ತಡೆಯಲು ಆಟೊದಲ್ಲಿ ಬಿದ್ದಿದ್ದ ಹಳೆಯ ಫ್ಲೆಕ್ಸ್ ಮೇಲೆ ಹೊದಿಸಿದರು. ಯಾರದೋ ಹುಟ್ಟುಹಬ್ಬದ ಶುಭಾಶಯ, ದಪ್ಪ ಮೀಸೆಯ ಗಂಡಸೊಬ್ಬ ಕೈಮುಗಿದಿದ್ದ. ನನ್ನ ಕಾಲುಗಳಡಿ ಇಟ್ಟಿಗೆ ಬಂತು, ಬಾಗಿಲ ಮುಂದೆ ಜಲ್ಲಿ ಬಿತ್ತು. ನೀರಿನ ಬೋಗುಣಿ ಹೊರಗೆ ಹೋಯಿತು. ನೆಲಕ್ಕೆ ಸುಣ್ಣದ ಪುಡಿ ಎರಚಿ, ಕೋಳಿಯ ಕಾಲಿಗೆ ಸುಣ್ಣ ತಾಗದಂತೆ ಅದರ ಮೇಲೆ ಗೇಣು ದಪ್ಪಕ್ಕೆ ಒಣ ಹೊಟ್ಟು ಹಾಸಿದರು. ಕೋಳಿಗಳು ಕೂರುವ ಗಳದ ಕೆಳಗೆ ಒಂದು ಹಲಗೆ, ಅದರ ಮೇಲೆ ಒಲೆಯ ಬೂದಿ. ರಾತ್ರಿಯ ಹಿಕ್ಕೆಯೆಲ್ಲ ಅದರ ಮೇಲೆ ಬೀಳುತ್ತಿತ್ತು, ಬೆಳಿಗ್ಗೆ ಕೆರೆದು ತೆಗೆದರೆ ಮುಗಿಯಿತು. ದನದ ಆಸ್ಪತ್ರೆಯಿಂದ ಹುಂಜದ ಕಣ್ಣಿಗೆ ಔಷಧಿಯೂ ಬಂತು.

ಮಳೆ ನಿಲ್ಲಲಿಲ್ಲ. ಆದರೆ ನನ್ನೊಳಗೆ ಗಾಳಿ ಕೋಳಿಗಳ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಮೂರನೆಯ ದಿನಕ್ಕೆ ಪುಕ್ಕಗಳು ಒಣಗಿ ಉಬ್ಬಿದವು. ಹುಂಜ ಸೀನುವುದು ಬಿಟ್ಟು ಕೂಗಿತು.

ಭಾನುವಾರ ವನಜಾಕ್ಷಮ್ಮ ಬಂದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಫ್ಲೆಕ್ಸಿನ ಮೀಸೆಯ ಗಂಡಸನ್ನು ಒಂದು ಕ್ಷಣ ನೋಡಿದರು. ಆಮೇಲೆ ಕರವಸ್ತ್ರ ತೆಗೆದು, ಬಗ್ಗಿ, ನನ್ನ ಬಾಗಿಲಲ್ಲಿ ತಲೆ ಇಟ್ಟು ಉಸಿರೆಳೆದುಕೊಂಡರು. ಮೊದಲ ಸಲ ಅವರ ಮುಖ ಕಂಡೆ. ಪರೀಕ್ಷೆಯ ಪತ್ರಿಕೆ ತಿದ್ದುವವರ ಮುಖ. ಅಕ್ಕಯ್ಯಮ್ಮ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಅವರು ಒಂದು ಹಿಡಿ ಹೊಟ್ಟು ತೆಗೆದು ಗಟ್ಟಿಯಾಗಿ ಹಿಸುಕಿ ಅಂಗೈ ಬಿಚ್ಚಿದರು. ಉಂಡೆ ಕಟ್ಟಲಿಲ್ಲ. ಹುಡಿಹುಡಿಯಾಗಿ ಬೆರಳ ಸಂದಿನಿಂದ ಉದುರಿತು.

"ಹೋದ ವಾರ ಇದು ನಾರ್ತಿತ್ತು, ಅದು ನಿಜ. ಇವತ್ತು ನಾರ್ತಿಲ್ಲ, ಅದೂ ನಿಜ" ಎಂದರು. "ಕೋಳಿ ಇರಲಿ. ಆದ್ರೆ ಆ ಕತ್ತಿಗೆ ಡಾಕ್ಟರ ಹತ್ರ ತೋರಿಸಮ್ಮ."

"ತೋರಿಸಿ ಬಂದಿವ್ನಿ ಮೇಡಂ. ಅವು ಹುಟ್ಟೋದೇ ಹಂಗಂತೆ. ನಮ್ಮಮ್ಮನ ಮನೆ ತಳಿ."

ವನಜಾಕ್ಷಮ್ಮ ಮತ್ತೊಮ್ಮೆ ಬಗ್ಗಿ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಅನುವಂಶೀಯತೆ ಪಾಠ ಮಾಡಿದ್ದೇನೆ, ಇದು ಹೊಳೆಯಲಿಲ್ಲವಲ್ಲ ಎಂದು ತಮ್ಮಷ್ಟಕ್ಕೆ ನಕ್ಕರು. ಹೋಗುವಾಗ, ಹಳೆಯ ಹೊಟ್ಟನ್ನು ಎಸೆಯಬೇಡ, ಗೊಬ್ಬರವಾದ ಮೇಲೆ ಗುಲಾಬಿ ಕುಂಡಗಳಿಗೆ ಬೇಕು ಎಂದರು.

ಸಂಕ್ರಾಂತಿ ಕಳೆದ ವಾರ ಒಂದು ಹೇಂಟೆ ಕಾವಿಗೆ ಕೂತಿತು. ಹನ್ನೊಂದು ಮೊಟ್ಟೆ ಇಟ್ಟರು, ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಆದವು. ಕತ್ತು ಬೋಳಾದದ್ದು ಏಳಕ್ಕೆ, ಎರಡಕ್ಕೆ ಪುಕ್ಕವಿತ್ತು. ಎಣಿಸಿದವರು ವನಜಾಕ್ಷಮ್ಮ. ಹಾಗೇಕೆಂದು ಅಕ್ಕಯ್ಯಮ್ಮನಿಗೆ ಹಿತ್ತಿಲಲ್ಲೇ ಸೀಮೆಸುಣ್ಣದಿಂದ ಬರೆದು ವಿವರಿಸಿದರು. ಕೋಳಿಗಳು ಅದರ ಮೇಲೆ ಓಡಾಡಿ ಅಳಿಸಿದವು.

ಹತ್ತು ವರ್ಷದಲ್ಲಿ ಆ ತಳಿ ನಮ್ಮ ಬೀದಿಯ ನಾಲ್ಕು ಮನೆಗೆ ಹೋಯಿತು. ಪಾಪಮ್ಮನ ಊರಿಗೂ ಎರಡು ಜೊತೆ ವಾಪಸಾದವು. ಈಗ ನನಗೆ ವಯಸ್ಸಾಗಿದೆ. ಗೆದ್ದಲು ಹಿಂಗಾಲು ತಿಂದಿದೆ, ಬಾಗಿಲು ಸರಿಯಾಗಿ ಕೂರುವುದಿಲ್ಲ. ಹೋದ ತಿಂಗಳು ಕದಿರಪ್ಪ ಹೊಸ ಗೂಡು ಮಾಡಿದ. ಅಂದವಾಗಿರಲೆಂದು ಸೂರಿನವರೆಗೆ ಹಲಗೆ ಹೊಡೆದಿದ್ದ. ಅಕ್ಕಯ್ಯಮ್ಮ ತನ್ನ ನಾಲ್ಕು ಬೆರಳನ್ನು ಅವನ ಮುಖದ ಮುಂದೆ ಹಿಡಿದಳು. ಅವನು ಮೇಲಿನ ಹಲಗೆ ಕಿತ್ತ.

ನನ್ನನ್ನು ಒಲೆಗೆ ಹಾಕಲಿಲ್ಲ. ಮೆಟ್ಟಿಲಿನಡಿ ಒಣ ಹೊಟ್ಟಿನ ಚೀಲಗಳನ್ನು ತುಂಬಿಕೊಂಡು ನಿಂತಿದ್ದೇನೆ. ಮುಚ್ಚಿಟ್ಟರೆ ಕಾಪಾಡಿದಂತೆ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು ಎಂಬುದನ್ನು ಅಳೆಯುವುದೇ ಕಾಪಾಡುವ ಕೆಲಸ ಎಂದು ನನ್ನ ಮೈ ಕೊಯ್ದ ಮೇಲೆ ತಿಳಿಯಿತು.

ಇವತ್ತು ಮತ್ತೆ ಕಾರ್ತಿಕದ ಜಡಿ. ಬೆಳಕು ಹರಿಯುವ ಹೊತ್ತಿಗೆ ಹೊಸ ಗೂಡಿನ ಸಂದಿನಿಂದ ಕೋಳಿಗಳ ಉಸಿರು ತೆಳ್ಳಗೆ ಹೊಗೆಯಾಡುತ್ತ ಮಳೆಯೊಳಗೆ ಹೋಗುತ್ತಿದೆ. ಬಾಗಿಲು ತೆಗೆದರು. ಒಣ ಪುಕ್ಕ ಕೊಡವುತ್ತ ಒಂದೊಂದಾಗಿ ಇಳಿದು ಬಂದವು, ಕೆಂಪು ಕತ್ತು ಚಾಚಿಕೊಂಡು, ಸೀದಾ ನನ್ನ ಕಡೆಗೆ. ಹೊಟ್ಟಿನ ಚೀಲದಲ್ಲಿ ಉಳಿದುಹೋದ ಕಡಲೆಬೀಜ ಇದೆಯೆಂದು ಅವಕ್ಕೆ ಗೊತ್ತಾಗಿದೆ.