ಅಂಗುಳಿನ ಮರೆಯ ಸೀಳು

ಆಸ್ಪತ್ರೆಗೆ ಬರುವ ಮಕ್ಕಳೆಲ್ಲ ಅವಳನ್ನು ಮಾತಿನ ಮಿಸ್ ಅಂತಲೇ ಕರೆಯುತ್ತಿದ್ದರು. ಮಕ್ಕಳ ಉಚ್ಚಾರಣೆ ತಿದ್ದುವ ಕೆಲಸಕ್ಕೆ ಸೇರಿ ಆಗಷ್ಟೇ ಎರಡು ತಿಂಗಳಾಗಿತ್ತು. ಅವತ್ತು ದರ್ಜಿಯೊಬ್ಬರು ಆರು ವರ್ಷದ ಮೊಮ್ಮಗಳನ್ನು ಕರೆತಂದರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಶಾಲೆಯವರ ಚೀಟಿ ಮೇಜಿನ ಮೇಲಿಟ್ಟು, ತುಟಿ ಪಿಟಕ್ಕೆನ್ನದೆ ಕೂತರು. 'ಹುಡುಗಿಗೆ ಸೋಮಾರಿತನ, ಬಾಯಿಬಿಟ್ಟು ಮಾತಾಡುವುದಿಲ್ಲ' ಎಂದು ಅದರಲ್ಲಿ ಬರೆದಿತ್ತು.

ಮಿಸ್ ತೊಟ್ಟಿಲ ಕೂಸಿನ ಚಿತ್ರ ತೋರಿಸಿದಳು. "ಇದು ಯಾರು, ಗುಬ್ಬಿ?"

"ಮಾಮ."

"ಮಾಮ ತೊಟ್ಟಿಲಲ್ಲಿ ಮಲಗ್ತಾನಾ?"

ಹುಡುಗಿಗೆ ಸಿಟ್ಟು ನೆತ್ತಿಗೇರಿತು. "ಮಾಮ! ಮುಣ್ಣ ಮಾಮ!"

ಅವಳು ಹೇಳುತ್ತಿರುವುದು 'ಪುಟ್ಟ ಪಾಪ'! ಮಿಸ್‌ಗೆ ಥಟ್ಟನೆ ಹೊಳೆಯಿತು. ತುಟಿ ಸರಿಯಾಗಿಯೇ ಕೂಡುತ್ತಿದೆ, ಗಾಳಿ ಮೂಗಿಗೆ ಸೋರುತ್ತಿದೆ. ಪುಟ್ಟ ಕನ್ನಡಿಯೊಂದನ್ನು ಮಗುವಿನ ಮೂಗಿನ ಕೆಳಗೆ ಹಿಡಿದು, "ಪಾ ಪಾ ಅನ್ನು" ಅಂದಳು. ಕನ್ನಡಿ ಮಬ್ಬಾಯಿತು.

"ಕೂಸಾಗಿದ್ದಾಗ ಹಾಲು ಮೂಗಲ್ಲಿ ಬರ್ತಿತ್ತಾ?"

ತಾತ ಹೌದೆಂದು ತಲೆಯಾಡಿಸಿದರು.

ಟಾರ್ಚ್ ಬಿಟ್ಟು ನೋಡಿದರೆ ಕಿರುನಾಲಗೆಯ ತುದಿ ಎರಡಾಗಿತ್ತು, ಅಂಗುಳಿನ ನಡುವೆ ತೆಳು ನೀಲಿ ಗೆರೆ. ಎದ್ದೆನೋ ಬಿದ್ದೆನೋ ಎಂದು ಓಡಿ ಸರ್ಜನ್ ಡಾಕ್ಟರನ್ನು ಎಳೆದುಕೊಂಡೇ ಬಂದಳು.

ಡಾಕ್ಟರು ಗ್ಲೌಸ್ ಹಾಕಿದ ಬೆರಳನ್ನು ಅಂಗುಳಿನ ಮೇಲೆ ಮೆಲ್ಲಗೆ ಆಡಿಸಿದರು. "ಹೌದು, ಮೂಳೆಯಂಚಲ್ಲಿ ಕಚ್ಚು ಸಿಗ್ತಿದೆ. ಮೇಲೆ ಪೊರೆ ಮುಚ್ಚಿದೆ, ಒಳಗೆ ಸ್ನಾಯು ಕೂಡಿಲ್ಲ, ಹೊಲಿದು ಕೂಡಿಸಬೇಕು. ಆರು ವರ್ಷ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ! ಭೇಷ್ ಕಣಮ್ಮ!"

"ಹಾಗಾದ್ರೆ ಇದು ಸೋಮಾರಿತನ ಅಲ್ವಾ?" ತಾತ ಮೊದಲ ಸಲ ಬಾಯಿಬಿಟ್ಟರು.

ಅದೇ ಮೂಗಿನ ದನಿ! ಮಿಸ್ ಗರಕ್ಕನೆ ತಿರುಗಿದಳು. "ತಾತ, ನೀವೂ ಒಂದ್ಸಲ ಆ ಅನ್ನಿ."

ಅಲ್ಲೂ ಅದೇ ಸೀಳು, ಅದೇ ಗೆರೆ.

ತಾತ ಟೇಪನ್ನು ಬೆರಳಿಗೆ ಸುತ್ತಿಕೊಂಡರು. "ಎಲ್ಲರೂ ಗೊಣಗ ಅಂತಿದ್ರು. ಅದಕ್ಕೇ ಮಿಷನ್ ಮುಂದೆ ತಲೆ ಬಗ್ಗಿಸಿ ಕೂತ್ಬಿಟ್ಟೆ." ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. "ಡಾಕ್ಟ್ರೇ, ಈ ಹೊಲಿಗೆ ಈಗ್ಲೂ ಹಾಕ್ಬಹುದಾ?"

"ಮೊದಲು ಮೊಮ್ಮಗಳಿಗೆ. ನಿಮ್ಮದನ್ನ ಪರೀಕ್ಷೆ ಮಾಡಿ ಹೇಳ್ತೀನಿ."

ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಗಿದ ಮೇಲೆ ಮಿಸ್ ವಾರಕ್ಕೆರಡು ದಿನ ಪಾಠ ಹಿಡಿದಳು. ನಾಲ್ಕನೆಯ ತಿಂಗಳು, ಒಂದೇ ಪದವನ್ನು ಹತ್ತನೆಯ ಸಲ ಹೇಳಿಸಲು ಹೋದಾಗ ಹುಡುಗಿ ಪುಸ್ತಕ ಮುಚ್ಚಿ ರೇಗಿದಳು:

"ಬೇಡ! ಸಾಕು ಬಿಡಿ ಮಿಸ್!"

ಒಂದೊಂದು ಅಕ್ಷರವೂ ಸ್ಪಷ್ಟ. ಮಿಸ್ ಕುರ್ಚಿಯಿಂದ ಜಿಗಿದು, ಬೈಸಿಕೊಂಡ ಖುಷಿಯಲ್ಲಿ ಅವಳನ್ನು ಎತ್ತಿಕೊಂಡು ಕುಣಿದಳು.