ಅಕ್ಕನ ಹೆಸರಿನಲ್ಲಿ ಕಾರ್ಡಿಲ್ಲ

ಬೆಳಿಗ್ಗೆ ಒಂಬತ್ತೂವರೆಗೆ ನಾವು ಒಂಬತ್ತು ಜನ ಗೋಡೆಯ ಪರದೆಯ ಮುಂದೆ ನಿಲ್ಲಬೇಕು. ನಿಂತು ಮಾತಾಡಿದರೆ ಹದಿನೈದೇ ನಿಮಿಷಕ್ಕೆ ಮೀಟಿಂಗ್ ಮುಗಿಯುತ್ತದೆ ಎಂದು ಅಜೈಲ್ ಎಂಬ ಹೊಸ ಕೆಲಸದ ಪದ್ಧತಿ ಕಲಿಸಲು ಬಂದ ಕೋಚ್ ಹೇಳಿದ್ದರು. ಮ್ಯಾನೇಜರ್ ಮಾತ್ರ ಕುರ್ಚಿ ತರಿಸಿಕೊಂಡು ಕೂರುತ್ತಾರೆ. ಹಾಗಾಗಿ ಅದು ಮುಕ್ಕಾಲು ಗಂಟೆ ಎಳೆಯುತ್ತದೆ. ಅಕ್ಕನ ಕಾಲು ಊದಿಕೊಂಡಿರುತ್ತದೆ. ಆದರೂ ಗೋಡೆಗೆ ಒರಗುವುದಿಲ್ಲ. ಒರಗಿದರೆ ಆಸಕ್ತಿಯಿಲ್ಲ ಎಂದು ಯಾರಾದರೂ ಬರೆದುಕೊಂಡಾರು ಎಂಬ ಭಯ.

ನಾವೆಲ್ಲ ಅಕ್ಕ ಎಂದು ಕರೆಯುವ ಅವಳು ನಮ್ಮ ಟೆಸ್ಟರ್. ನಾವು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಕಾಂಟ್ರ್ಯಾಕ್ಟಿನಲ್ಲೇ ಇದ್ದಾಳೆ.

ಹೊಸ ಪದ್ಧತಿಯಲ್ಲಿ ಕೆಲಸವನ್ನೆಲ್ಲ ಪರದೆಯ ಮೇಲಿನ ಕಾರ್ಡುಗಳಾಗಿ ಕತ್ತರಿಸಿದರು. ಒಂದೊಂದು ಕಾರ್ಡಿಗೂ ಇಷ್ಟು ಪಾಯಿಂಟು, ಒಂದೇ ಹೆಸರು.

"ಪಾಯಿಂಟು ಅಂದ್ರೆ ಕೆಲ್ಸ ಎಷ್ಟು ದೊಡ್ಡದು ಅನ್ನೋ ಬರೀ ಅಂದಾಜು. ಇದ್ರಿಂದ ಯಾರನ್ನೂ ಅಳೆಯಲ್ಲ," ಎಂದು ಕೋಚ್ ಎದೆ ಮುಟ್ಟಿಕೊಂಡು ಹೇಳಿದ್ದರು.

ನಾವು ನಂಬಿದೆವು. ಅಕ್ಕ ಎಲ್ಲರಿಗಿಂತ ಹೆಚ್ಚು ನಂಬಿದಳು. "ಹೆಸರು ಯಾರದಾದ್ರೇನು, ಕೆಲ್ಸ ಆದ್ರೆ ಸಾಕು ಕಣೋ," ಎನ್ನುತ್ತಿದ್ದಳು. ಯಾರು ತೊಡಕಿನಲ್ಲಿದ್ದರೂ ಪಕ್ಕದಲ್ಲಿ ಕುಳಿತು ಬಿಡಿಸುತ್ತಿದ್ದಳು. ನಾನು ಕೆಡಿಸಿಟ್ಟ ಒಂದು ಕೆಲಸವನ್ನು ಐದು ದಿನ ಕುಳಿತು ಸರಿಮಾಡಿಸಿದ್ದಳು. ಎಂಟು ಪಾಯಿಂಟು. ಕಾರ್ಡಿನಲ್ಲಿ ನನ್ನ ಹೆಸರು.

ಆ ಸೋಮವಾರ ಪರದೆಯ ಮೇಲೆ ನಮ್ಮ ಒಂಬತ್ತು ಹೆಸರುಗಳಿದ್ದವು, ಎಂಟರ ಮೇಲೆ ಅವರವರ ಪಾಯಿಂಟಿನಷ್ಟು ಎತ್ತರದ ನೀಲಿ ಕಂಬ. ಅಕ್ಕನ ಹೆಸರಿನ ಮೇಲೆ ಏನೂ ಇರಲಿಲ್ಲ. ಸೊನ್ನೆ.

"ನಿಮ್ಮ ಕಾಂಟ್ರ್ಯಾಕ್ಟ್ ಶುಕ್ರವಾರ ಮುಗಿಯುತ್ತೆ. ಮುಂದುವರ್ಸೋಕೆ ಮೇಲಿನವರಿಗೆ ಏನು ತೋರಿಸ್ಲಿ?" ಎಂದರು ಮ್ಯಾನೇಜರ್.

"ಸಾರ್, ನಾನು ಎಲ್ಲರ ಜೊತೆ ಕೂತು..."

"ಕಾರ್ಡಲ್ಲಿ ಇಲ್ವಲ್ಲಮ್ಮ."

ಕೋಚ್ ಮೊಬೈಲ್ ನೋಡುತ್ತಿದ್ದರು. ಅಕ್ಕ ನಮ್ಮತ್ತ ತಿರುಗಿದಳು. ನಾವು ನೆಲ ನೋಡಿದೆವು. ಹೆಂಡತಿಗೆ ಎಂಟು ತಿಂಗಳು. ಕಂಪನಿಯ ವಿಮೆ ಇದ್ದರೇ ಆಸ್ಪತ್ರೆ. ಆ ಎಂಟು ಪಾಯಿಂಟು ಅವಳದು ಎಂದರೆ ನನ್ನ ಕಂಬದಲ್ಲಿ ಉಳಿಯುವುದೇನು? ನಾನು ಹೇಡಿಯಂತೆ ಬಾಯಿ ಮುಚ್ಚಿಕೊಂಡೆ.

ಊಟದ ಹೊತ್ತಿನಲ್ಲಿ ಅವಳು ಸಿಂಕಿನ ಬಳಿ ಡಬ್ಬಿ ತೊಳೆಯುತ್ತಿದ್ದಳು.

"ಮನೇಲಿ ಯಜಮಾನ್ರಿಗೆ ಕಣ್ಣು ಕಾಣಲ್ಲ. ನಲವತ್ತೇಳಕ್ಕೆ ನನ್ನನ್ನ ಇನ್ಯಾರು ಕರೀತಾರೆ?" ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ನೀನು ಬಾಯಿ ಬಿಡ್ಬೇಡ. ನಿನ್ನ ಹೆಂಡ್ತಿಗೆ ದಿನ ತುಂಬ್ತಿದೆ," ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಇದನ್ನು ತಡೆದುಕೊಳ್ಳಲಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಕಂಬಗಳು. ಮೀಟಿಂಗ್ ಮುಗಿದ ಮೇಲೆ ಇದನ್ನೇ ಮೇಲಿನವರಿಗೆ ಕಳಿಸುತ್ತೇನೆ ಎಂದರು ಮ್ಯಾನೇಜರ್. ನನ್ನ ಕೈಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಕಾರ್ಡಿನ ಹೆಸರನ್ನು ಯಾರು ಬೇಕಾದರೂ ಬದಲಾಯಿಸಬಹುದು. ಬೆರಳು ಬೆವೆತು ಜಾರುತ್ತಿತ್ತು. ಆ ಎಂಟು ಪಾಯಿಂಟಿನ ಕಾರ್ಡಿನಿಂದ ನನ್ನ ಹೆಸರು ತೆಗೆದು ಅಕ್ಕನ ಹೆಸರು ಹಾಕಿದೆ.

ಪರದೆಯ ಮೇಲೆ ನನ್ನ ಕಂಬ ಕುಸಿಯಿತು. ಅಕ್ಕನ ಹೆಸರಿನ ಮೇಲೆ ಒಂದು ಕಂಬ ಎದ್ದಿತು. ನಾನು ಸತ್ತೆ ಅಂದುಕೊಂಡೆ.

ಆ ಕಂಬ ಇನ್ನೂ ಐದು ಪಾಯಿಂಟು ಬೆಳೆಯಿತು. ಪಕ್ಕದಲ್ಲಿ ದಪ್ಪ ಕನ್ನಡಕದ ಹುಡುಗಿ ಲ್ಯಾಪ್‌ಟಾಪ್ ಎದೆಗವಚಿಕೊಂಡು ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಮತ್ತೆ ಮೂರು. ಮತ್ತೆ ಎಂಟು. ಎಲ್ಲದಕ್ಕೂ ಗೊಣಗುವ, ಯಾವುದಕ್ಕೂ ಮುಂದೆ ಬಾರದ ಗೊಣಗಣ್ಣನೂ ಕೀಲಿ ಒತ್ತುತ್ತಿದ್ದ.

"ಯಾರದಿದು ಕಿತಾಪತಿ?" ಮ್ಯಾನೇಜರ್ ಎದ್ದುನಿಂತರು. ಯಾರು ಬದಲಾಯಿಸಿದರೆಂಬುದು ಕಾರ್ಡಿನಲ್ಲೇ ದಾಖಲಾಗಿರುತ್ತದೆ. ಮೊದಲು ನನ್ನ ಹೆಸರು ಓದಿದರು.

"ಹೌದು ಸಾರ್. ಆ ಕೆಲ್ಸ ಅಕ್ಕಂದು," ಎಂದೆ.

ಇನ್ನೊಂದು ಹೆಸರು ಓದಿದರು. "ಹೌದು," ಎಂದಳು ಕನ್ನಡಕದ ಹುಡುಗಿ, ಅಳುತ್ತಲೇ.

"ಬೇಡ್ರೋ, ಸುಮ್ನಿರ್ರೋ," ಎಂದು ಅಕ್ಕ ಬೇಡಿಕೊಳ್ಳುತ್ತಿದ್ದಳು. ಎಂಟು ಹೆಸರಿಗೂ ಎಂಟು "ಹೌದು" ಬಂತು.

ಮ್ಯಾನೇಜರ್ ಪೆನ್ನು ತೆಗೆದು ನಮ್ಮ ಹೆಸರುಗಳನ್ನು ನಿಧಾನವಾಗಿ ಬರೆದುಕೊಳ್ಳತೊಡಗಿದರು. ಆಗ ಅಕ್ಕ ಕುಂಟುತ್ತಾ ಅವರ ಮುಂದೆ ಹೋಗಿ ನಿಂತಳು.

"ಒಂಬತ್ತನೇದು ನಂದು ಬರ್ಕೊಳ್ಳಿ ಸಾರ್. ಆದ್ರೆ ಅದಕ್ಕೂ ಮೊದ್ಲು, ಆ ಸೊನ್ನೆ ಹಾಕಿದೋರ ಹೆಸರು ಬರೀರಿ."