ಗಾಳಿತೊಟ್ಟಿಯ ಗಂಟೆಹುಳುಗಳು

ಎರಡು ತಿಂಗಳ ಇಂಟರ್ನ್‌ಶಿಪ್‌ಗೆ ಕಾಲೇಜಿನಲ್ಲಿ ಚೀಟಿ ಎತ್ತಿಸಿದರು. ಗೆಳತಿಯರಿಗೆಲ್ಲ ಸೋಪಿನ ಕಾರ್ಖಾನೆ, ಔಷಧದ ಕಂಪನಿ, ಬಿಸ್ಕತ್ತಿನ ಲ್ಯಾಬು ಎಂದು ಒಂದಕ್ಕಿಂತ ಒಂದು ಘಮಘಮಿಸುವ ಜಾಗಗಳೇ ಬಂದವು. ಡಬ್ಬಿಯ ತಳದಲ್ಲಿ ಉಳಿದ ಕೊನೆಯ ಚೀಟಿ ಅವಳದ್ದು. ಬಿಡಿಸಿ ನೋಡಿದರೆ, ಊರಿನ ಕೊಳಚೆ ನೀರು ಶುದ್ಧೀಕರಣ ಘಟಕ.

"ಅದೃಷ್ಟ ಅಂದ್ರೆ ಇದಪ್ಪ," ಎಂದ ಅಣ್ಣ, ರಾತ್ರಿಯೂಟಕ್ಕೆ ಕೂತಾಗ. "ಊರೆಲ್ಲ ಫ್ಲಶ್ ಮಾಡಿದ್ದು ನಮ್ಮನೆ ಹುಡುಗಿ ಕೈಗೆ. ಇನ್ಮೇಲೆ ಬೆಳಿಗ್ಗೆ ನಾನು ಬಾತ್‌ರೂಮಿಗೆ ಹೋಗೋಕೆ ಮುಂಚೆ ನಿನಗೊಂದು ಫೋನ್ ಮಾಡ್ತೀನಿ, ರೆಡಿಯಾಗಿರು."

"ಊಟ ಮಾಡೋವಾಗ ಬೇಡ ಕಣೋ!" ಎಂದು ಅವಳು ತಟ್ಟೆ ದೂಡಿದಳು. ಕಣ್ಣಲ್ಲಿ ಆಗಲೇ ನೀರಾಡುತ್ತಿತ್ತು.

ಅಜ್ಜಿ ತಟ್ಟೆಯನ್ನು ಮತ್ತೆ ಅವಳ ಮುಂದೆ ಸರಿಸಿದರು. "ಕೈ ಕೆಸರಾದ್ರೆ ಬಾಯಿ ಮೊಸರು, ಪುಟ್ಟಿ."

"ಅಜ್ಜೀ, ಇದು ಆ ಕೆಸರಲ್ಲ!"

"ಯಾವ ಕೆಸರಾದ್ರೇನು, ತೊಳೆದ್ರೆ ಹೋಗುತ್ತೆ. ನಾನು ಇಷ್ಟು ವರ್ಷ ಕೂತಲ್ಲೇ ಏಳು ಸಮುದ್ರ ದಾಟಿಸಿ ನಿನಗೆ ಕಥೆ ಹೇಳಲಿಲ್ವಾ? ನೀನು ಎರಡು ಬಸ್ಸು ಹತ್ತಿ ಹೋಗಿ ಏನಿದೆ ನೋಡ್ಕೊಂಡು ಬಂದು ನನಗೆ ಹೇಳು. ಕೇಳಿ ಕೇಳಿ ಸಾಕಾಗಿರೋಳು ನೀನು, ಹೇಳಿ ಹೇಳಿ ಸಾಕಾಗಿರೋಳು ನಾನು."

ಹಾಗೆ ಶುರುವಾಯಿತು.

ಘಟಕದ ಬಾಗಿಲಲ್ಲಿ ಅವಳನ್ನು ಎದುರುಗೊಂಡವನು ಗೇಟಣ್ಣ. ಊರ ಕೊಳಚೆ ಒಳಗೆ ಬರುವ ಕಾಲುವೆಗೆ ಒಂದು ಕಬ್ಬಿಣದ ಗೇಟು, ಗೇಟಿಗೊಂದು ದೊಡ್ಡ ಚಕ್ರ. ಇಪ್ಪತ್ತಾರು ವರ್ಷದಿಂದ ಆ ಚಕ್ರ ತಿರುಗಿಸುತ್ತ ತಿರುಗಿಸುತ್ತ ಅವನ ನಿಜವಾದ ಹೆಸರು ಅವನಿಗೇ ಮರೆತುಹೋದಂತಿತ್ತು. ಅವಳ ಹೆಸರನ್ನು ಕೇಳುವ ಗೋಜಿಗೂ ಅವನು ಹೋಗಲಿಲ್ಲ. "ಬಾ ಕಾಲೇಜು," ಎಂದು ಸೇತುವೆಯಂಥ ಕಿರುದಾರಿಯ ಮೇಲೆ ನಡೆಸಿಕೊಂಡು ಹೋದ. ಕೆಳಗೆ ಒಂದು ಬೀದಿಯಷ್ಟುದ್ದದ ತೊಟ್ಟಿ. ಅದರ ತಳದಿಂದ ಯಂತ್ರ ಗಾಳಿ ಊದುತ್ತಿತ್ತು, ಕಂದು ಬಣ್ಣದ ನೀರು ಕುದಿಯುವಂತೆ ಮೊರೆಯುತ್ತಿತ್ತು. ಅವಳು ಮೂಗಿಗೆ ದುಪಟ್ಟಾ ಒತ್ತಿಕೊಂಡಳು.

ಗೇಟಣ್ಣ ಉದ್ದ ಕೋಲಿನ ಸೌಟಿನಲ್ಲಿ ನೀರು ಮೊಗೆದು ಅವಳ ಮುಂದೆ ಹಿಡಿದ. "ಮೂಸು."

"ಅಯ್ಯೋ, ಬೇಡ!"

"ಮೂಸಮ್ಮ, ಮೂಗೇನು ಉದುರಿಹೋಗಲ್ಲ."

ಉಸಿರು ಬಿಗಿಹಿಡಿದು ಎಷ್ಟು ಹೊತ್ತು ನಿಲ್ಲಲಾದೀತು? ಕೊನೆಗೆ ಉಸಿರೆಳೆದಳು. ಆಗಷ್ಟೇ ಅಗೆದ ಹೂವಿನ ಪಾತಿಯ ವಾಸನೆ! ಅವಳು ದುಪಟ್ಟಾ ಇಳಿಸಿ ಮತ್ತೊಮ್ಮೆ ಮೂಸಿದಳು. ಗೇಟಣ್ಣ ಮೀಸೆಯಡಿಯಲ್ಲಿ ನಕ್ಕ. "ಜೀವ ಇರೋ ಕೆಸರು ಹಿಂಗೇ ಇರೋದು. ಇದು ನಾರಿದ ದಿನ ನಮ್ಮ ಕಥೆ ಮುಗೀತು ಅಂತ ತಿಳ್ಕೊ."

ಲ್ಯಾಬಿನಲ್ಲಿ ಒಬ್ಬರೇ ಮೇಡಂ. ಮಾತು ಕಡಿಮೆ, ಕೋಟಿನ ಜೇಬಿನಲ್ಲಿ ಸದಾ ಹರಿದ ಕಾಗದದ ಚೂರುಗಳು. ಅವರದ್ದೊಂದು ಪದ್ಧತಿಯಿತ್ತು. ಯಾವ ಮಾದರಿಯನ್ನೇ ಆಗಲಿ ಇಬ್ಬರು ನೋಡಬೇಕು. ಒಬ್ಬರಿಗೊಬ್ಬರು ತುಟಿಪಿಟಕ್ಕೆನ್ನದೆ ತಾವು ಕಂಡದ್ದನ್ನು ಚೀಟಿಯಲ್ಲಿ ಬರೆಯಬೇಕು. ಎರಡು ಚೀಟಿ ಒಂದೇ ಹೇಳಿದರೆ ಮಾತ್ರ ಅದು ನಿಜ. "ಇನ್ನೊಬ್ಬರು ಹೇಳಿದ್ಮೇಲೆ ಇಲ್ಲದ್ದೂ ಕಾಣುತ್ತೆ," ಎನ್ನುತ್ತಿದ್ದರು. ಎರಡನೆಯ ಕಣ್ಣಾಗಿದ್ದವರು ಹೋದ ವರ್ಷ ನಿವೃತ್ತರಾಗಿ, ಮೇಡಂ ತಮ್ಮ ಚೀಟಿಗೆ ಜೋಡಿಯಿಲ್ಲದೆ ಕೂತಿದ್ದರು.

ಅವರು ತೊಟ್ಟಿಯ ನೀರಿನ ಒಂದು ಹನಿಯನ್ನು ಗಾಜಿನ ಸ್ಲೈಡಿನ ಮೇಲಿಟ್ಟು, "ನೋಡು," ಎಂದು ಸೂಕ್ಷ್ಮದರ್ಶಕದ ಮುಂದಿನ ಸ್ಟೂಲು ಬಿಟ್ಟುಕೊಟ್ಟರು.

ನೋಡಿದಳು. ನೋಡಿದವಳು ಕಣ್ಣು ಕೀಳಲಿಲ್ಲ.

ಹನಿಯೊಳಗೊಂದು ಊರಿತ್ತು. ಕಂದು ಗುಡ್ಡಗಳು, ಗುಡ್ಡಗಳ ನಡುವೆ ಬೆಳಕಿನ ಓಣಿಗಳು. ಗುಡ್ಡದ ಅಂಚಿನಲ್ಲೆಲ್ಲ ಗಾಜಿನಲ್ಲಿ ಊದಿ ಮಾಡಿದಂಥ ಪುಟ್ಟಪುಟ್ಟ ಗಂಟೆಗಳು, ಒಂದೊಂದಕ್ಕೂ ಕೂದಲಿಗಿಂತ ಸಣ್ಣ ಕಾಂಡ. ಗಂಟೆಯ ಬಾಯಿಯ ಸುತ್ತ ಏನೋ ಗಿರ್ರನೆ ತಿರುಗುತ್ತಿತ್ತು. ಆ ಸುಳಿಗೆ ಸಿಕ್ಕ ಧೂಳಿನಂಥ ಚುಕ್ಕಿಗಳು ಬಾಯೊಳಗೆ ಹೋಗುತ್ತಿದ್ದವು. ಯಾವುದೋ ದಡಿಯ ಪ್ರಾಣಿಯೊಂದು ಪಕ್ಕದಲ್ಲಿ ಉರುಳಿತು. ಅಷ್ಟೂ ಗಂಟೆಗಳು ಬೆಚ್ಚಿ, ಕಾಂಡ ಸುರುಳಿ ಸುತ್ತಿಕೊಂಡು, ಮಿಣ್ಣನೆ ಗುಡ್ಡಕ್ಕೆ ಅಂಟಿದವು. ಒಂದು ಗಳಿಗೆ. ಆಮೇಲೆ ಒಂದೊಂದಾಗಿ, ಅಪಾಯ ಹೋಯಿತೇ ಎಂದು ಇಣುಕುವ ಮಕ್ಕಳ ಹಾಗೆ, ಮತ್ತೆ ಚಾಚಿಕೊಂಡು ಬಾಯಿ ತೆರೆದವು.

"ಮೇಡಂ, ಇವು... ಇವೇನು ಮಾಡ್ತಿವೆ?"

"ಕೆಲಸ. ನೀರಲ್ಲಿ ಕರಗಿದ ಹೊಲಸನ್ನ ತಿನ್ನೋದು ಇವಕ್ಕಿಂತ ಚಿಕ್ಕವು. ಆ ಚಿಕ್ಕವುಗಳಲ್ಲಿ ಗುಂಪು ತಪ್ಪಿ ಅಲೆಯೋವನ್ನ ಇವು ಹಿಡಿದು ತಿನ್ನುತ್ತವೆ. ಅದಕ್ಕೇ ನೀರು ತಿಳಿಯಾಗೋದು. ನಾವು ಗಾಳಿ ಊದ್ತೀವಿ, ಅಷ್ಟೇ. ಮೂರು ಲಕ್ಷ ಜನರ ಕೊಳೆ ತೊಳೀತಾ ಇರೋರು ಇವರು."

ಅವತ್ತು ಸಂಜೆ ಅಜ್ಜಿಗೆ ಹೇಳಿ ಮುಗಿಸುವಷ್ಟರಲ್ಲಿ ಸಾರು ಎರಡು ಸಲ ಆರಿ ಎರಡು ಸಲ ಬಿಸಿಯಾಯಿತು. ಅಜ್ಜಿ ಬಾಯಿ ಬಿಟ್ಟುಕೊಂಡು ಕೇಳಿದರು. "ಅಂದ್ರೆ, ಅವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಆದ್ರೂ ಬೆಚ್ಚಿಬೀಳ್ತಾವೆ?" "ಹೂಂ ಅಜ್ಜಿ." "ನಾನು ಕಟ್ಟಿದ ಕಥೇಲಿ ಇಂಥದ್ದೊಂದು ಇರ್ಲಿಲ್ಲ ನೋಡು," ಎಂದು ನಿಟ್ಟುಸಿರಿಟ್ಟರು. ಗಂಟೆಹುಳು ಎಂಬ ಹೆಸರಿಟ್ಟವರೂ ಅಜ್ಜಿಯೇ. ಪುಸ್ತಕದಲ್ಲಿ ಅವಕ್ಕಿದ್ದ ಹೆಸರು ಅವರ ನಾಲಿಗೆಗೆ ಹತ್ತಲಿಲ್ಲ.

ಎಲ್ಲ ಸರಿಯಾಗಿ ನಡೆದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಎರಡನೆಯ ವಾರದಲ್ಲೊಂದು ಬೆಳಿಗ್ಗೆ ಅವಳು ಸ್ಲೈಡಿಗೆ ಕಣ್ಣಿಟ್ಟು ಚೀರಿದಳು. ಗಂಟೆಹುಳುಗಳೆಲ್ಲ ಸತ್ತಿದ್ದವು. "ತೊಟ್ಟಿ ಸಾಯ್ತಿದೆ!" ಎಂದು ಅಂಗಳದುದ್ದಕ್ಕೂ ಕೂಗುತ್ತ ಓಡಿದಳು. ಗೇಟಣ್ಣ ತಿನ್ನುತ್ತಿದ್ದ ಬ್ರೆಡ್ಡು ಬಿಸಾಡಿ ಚಕ್ರಕ್ಕೆ ಜೋತುಬಿದ್ದ. ಅರ್ಧ ಗೇಟು ಇಳಿಯುವಷ್ಟರಲ್ಲಿ ಮೇಡಂ ಬಂದು ಸ್ಲೈಡು ಮೂಸಿದರು. ಸ್ಪಿರಿಟ್ ವಾಸನೆ. ಹುಡುಗಿ ಆಗಷ್ಟೇ ಸ್ಲೈಡನ್ನು ಫಳಫಳ ಹೊಳೆಯಲೆಂದು ಸ್ಪಿರಿಟ್ಟಿನಲ್ಲಿ ಉಜ್ಜಿ, ನೀರಿನಲ್ಲಿ ತೊಳೆಯದೆ ಹಸಿಯಾಗಿಯೇ ಹನಿ ಹಾಕಿದ್ದಳು.

ಗೇಟಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಸ್ಪಿರಿಟ್ ಕುಡಿಸಿ ಮಲಗಿಸಿಬಿಟ್ಟು, ಸತ್ತೋದ್ರು ಅಂತ ಬಾಯಿ ಬಡ್ಕೊಂಡ್ಯಲ್ಲೇ ತಾಯಿ! ಇಲಿ ಬಂತು ಅಂದ್ರೆ ಹುಲಿ ಬಂತು ಅಂತೀಯ." ಅಂದಿನಿಂದ ಅವಳು ಏನೇ ಹೇಳಿದರೂ, "ಹುಲೀನಾ, ಇಲೀನಾ?" ಎಂದು ಕೇಳುವುದು ಅವನಿಗೆ ರೂಢಿಯಾಯಿತು. ಅವಳೂ ನಗುತ್ತಿದ್ದಳು. ಆದರೆ ಒಳಗೊಳಗೇ ತನ್ನ ಕಣ್ಣಿನ ಮೇಲೆ ತನಗೇ ನಂಬಿಕೆ ಹೋಗಿತ್ತು. ಚೀಟಿ ಬರೆಯುವಾಗ ಪೆನ್ನು ತಡೆಯುತ್ತಿತ್ತು.

ಆರನೆಯ ವಾರದ ಒಂದು ಮಂಗಳವಾರ ಮೇಡಂ ವರದಿ ಕೊಡಲೆಂದು ಮುಖ್ಯ ಕಚೇರಿಗೆ ಹೋಗಿದ್ದರು. ಒಂಬತ್ತೂವರೆಗೆ ಅವಳು ತೊಟ್ಟಿಯ ಮುಂಭಾಗದ, ಅಂದರೆ ಕೊಳಚೆ ಮೊದಲು ಬಂದು ಬೀಳುವ ಕಡೆಯ, ಒಂದು ಹನಿ ನೋಡಿದಳು.

ಗಂಟೆಹುಳುಗಳು ಮುದುಡಿದ್ದವು. ಕಾದಳು. ತೆರೆಯಲಿಲ್ಲ. ಕೆಲವು ಕಾಂಡಗಳ ತುದಿಯಲ್ಲಿ ಗಂಟೆಯೇ ಇರಲಿಲ್ಲ. ಹೂ ಉದುರಿದ ತೊಟ್ಟಿನ ಹಾಗೆ ಕಾಂಡ ಮಾತ್ರ ನಿಂತಿತ್ತು.

ಕೂಗಲೆಂದು ಎದ್ದಳು. ಮರುಕ್ಷಣವೇ ಹುಲಿಯೂ ಇಲಿಯೂ ನೆನಪಾಗಿ ಕಿವಿ ಬಿಸಿಯಾಯಿತು. ಮತ್ತೊಂದು ಸ್ಲೈಡನ್ನು ನಲ್ಲಿಯಡಿ ಮೂರು ಸಲ ತೊಳೆದಳು. ಹೊಸ ಹನಿ. ಅವೇ ಮುದುಡಿದ ಗಂಟೆಗಳು. ಆಗ ಅವಳಿಗೊಂದು ಯೋಚನೆ ಹೊಳೆಯಿತು. ತೊಟ್ಟಿಯ ಆ ಕೊನೆಗೆ ಓಡಿ, ಅಲ್ಲಿಂದಲೂ ನೀರು ತಂದು, ಅದೇ ನಲ್ಲಿಯಲ್ಲಿ ತೊಳೆದ ಅದೇ ಸ್ಲೈಡಿನ ಮೇಲಿಟ್ಟಳು. ಅಲ್ಲಿಯವು ಗಿರ್ರನೆ ತಿರುಗುತ್ತ ತಿನ್ನುತ್ತಿದ್ದವು. ಸ್ಲೈಡಿನದ್ದು ತಪ್ಪಲ್ಲ. ಸಾವು ಮುಂಭಾಗದಿಂದ ಒಳಗೆ ಬರುತ್ತಿತ್ತು.

ಮೇಡಂಗೆ ಫೋನ್ ಮಾಡಿದಳು. ಮೀಟಿಂಗಿನಲ್ಲಿದ್ದರೋ ಏನೋ, ಎತ್ತಲಿಲ್ಲ.

ಗೇಟಣ್ಣ ಕಿರುದಾರಿಯ ಮೇಲೆ ಮೀಟರಿನ ಮುಂದೆ ನಿಂತಿದ್ದ. "ಬಾ ಕಾಲೇಜು, ನೋಡು ಇವತ್ತು ತೊಟ್ಟಿ ಎಷ್ಟು ಖುಷಿಯಾಗಿದೆ! ನೀರಲ್ಲಿ ಆಕ್ಸಿಜನ್ ಯಾವತ್ತೂ ಎರಡು ದಾಟಲ್ಲ, ಇವತ್ತು ನಾಲ್ಕೂವರೆ."

"ಗೇಟಣ್ಣ, ಗೇಟು ಇಳಿಸಿ. ಏನೋ ವಿಷ ಬರ್ತಿದೆ."

"ಹುಲೀನಾ, ಇಲೀನಾ?"

"ಹುಲಿ."

ಅವನು ನಗಲು ಬಾಯಿ ತೆರೆದವನು ಅವಳ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದ. "ಮೀಟರು ಚೆನ್ನಾಗಿದೆ ಅಂತಿದೆಯಲ್ಲಮ್ಮ. ಸುಮ್ನೆ ಇಳಿಸೋಕೆ ಇದೇನು ಮನೆ ಕಿಟಕಿ ಪರದೆನಾ? ನೀರನ್ನ ತಿರುಗಿಸಿದ್ರೆ ಪಕ್ಕದ ಕೊಳ ನಾಲ್ಕು ತಾಸಿಗೆ ತುಂಬುತ್ತೆ. ಆಮೇಲೆ ತಗ್ಗಿನ ಬೀದಿ ಮನೆಗಳ ಒಳಗೆ ನುಗ್ಗುತ್ತೆ. ನನ್ನ ಕೆಲಸ ಹೋಗುತ್ತೆ."

ಅವಳು ಮೀಟರನ್ನೇ ನೋಡುತ್ತಿದ್ದಳು. ನಾಲ್ಕೂವರೆ ಈಗ ಐದಾಯಿತು. ಮನೆತುಂಬ ಜನಕ್ಕೆಂದು ಅನ್ನ ಮಾಡಿಟ್ಟು, ಮಧ್ಯಾಹ್ನ ಬಂದು ನೋಡಿದರೆ ಪಾತ್ರೆ ಹಾಗೇ ತುಂಬಿದ್ದರೆ ಅದಕ್ಕೆ ಯಾರಾದರೂ ಖುಷಿಪಡುತ್ತಾರೆಯೇ?

"ಗೇಟಣ್ಣ, ನೀವು ಊದ್ತಿರೋ ಗಾಳಿ ಅಷ್ಟೇ ಇದೆ. ಮತ್ತೆ ಆಕ್ಸಿಜನ್ ಯಾಕೆ ಮಿಕ್ತಿದೆ? ಉಸಿರಾಡೋರು ಇಲ್ಲ. ಅದಕ್ಕೇ ಮಿಕ್ತಿದೆ."

ಗೇಟಣ್ಣ ಮೀಟರು ನೋಡಿದ. ಅವಳನ್ನು ನೋಡಿದ. ಸೌಟಿನಲ್ಲಿ ನೀರು ಮೊಗೆದು ಮೂಸಿದ. ಅಗೆದ ಪಾತಿಯ ವಾಸನೆ ಇರಲಿಲ್ಲ. ಸೌಟು ಅಲ್ಲೇ ಬಿಟ್ಟು ಓಡಿದ. ಐವತ್ತೈದರ ಮನುಷ್ಯ ಅಷ್ಟು ಜೋರಾಗಿ ಓಡಬಲ್ಲನೆಂದು ಅವಳು ಎಣಿಸಿರಲಿಲ್ಲ. ಚಕ್ರ ಕಿರುಗುಟ್ಟಿತು, ಗೇಟು ಇಳಿಯಿತು, ಕೊಳಚೆ ಪಕ್ಕದ ಖಾಲಿ ಕೊಳಕ್ಕೆ ಹೊರಳಿತು. ಹತ್ತು ಗಂಟೆ.

ಮೇಡಂ ಹನ್ನೆರಡಕ್ಕೆ ಬಂದರು, ಅವಳ ಫೋನು ಬಂದದ್ದನ್ನು ನೋಡಿ ಬಸ್ಸು ಹಿಡಿದು, ಬೆವೆತು. ಸ್ಲೈಡಿಗೆ ಕಣ್ಣಿಟ್ಟರು. "ಮೇಲ್ಗಡೆ ಯಾವನೋ ಪುಣ್ಯಾತ್ಮ ಚರಂಡಿಗೆ ಏನೋ ಸುರಿದಿದ್ದಾನೆ. ಅರ್ಧ ತಾಸು ತಡ ಆಗಿದ್ರೆ ಇಡೀ ತೊಟ್ಟಿ ಹೋಗ್ತಿತ್ತು. ಮತ್ತೆ ಬೆಳೆಸೋಕೆ ಒಂದು ತಿಂಗಳು. ಒಂದು ತಿಂಗಳು ಊರಿನ ಹೊಲಸೆಲ್ಲ ಹಾಗೇ ಹೊಳೆಗೆ."

ಗೇಟಣ್ಣ ತೊಟ್ಟಿಯ ಹಿಂಭಾಗದ ಜೀವವಿರುವ ಕೆಸರನ್ನು ಪಂಪಿನಿಂದ ಮುಂದಕ್ಕೆ ತಿರುಗಿಸಿದ. ಆದರೆ ಕೊಳ ಏರುತ್ತಲೇ ಇತ್ತು. ಎರಡು ಗಂಟೆಯೊಳಗೆ ಗೇಟು ಎತ್ತಲೇಬೇಕು. ಹೊರಗಿಂದ ಬರುತ್ತಿರುವ ನೀರಿನಲ್ಲಿ ಇನ್ನೂ ವಿಷವಿದ್ದರೆ ಎತ್ತುವಂತಿಲ್ಲ. ಅದೇನು ವಿಷ ಎಂದು ದೊಡ್ಡ ಲ್ಯಾಬು ಹೇಳುವುದು ನಾಳಿದ್ದು.

"ಇವತ್ತೇ ಹೇಳೋರು ಇದ್ದಾರಲ್ಲ, ಮೇಡಂ," ಎಂದಳು ಅವಳು, ತನ್ನ ಧ್ವನಿಗೆ ತಾನೇ ಬೆರಗಾಗಿ. "ತೊಟ್ಟಿಯ ಆ ಕೊನೆಯ ಗಂಟೆಹುಳುಗಳಿಗೆ ಹೊರಗಿನ ನೀರು ಒಂದು ಹನಿ ಕೊಟ್ಟು ನೋಡೋಣ."

ಹನ್ನೆರಡೂಕಾಲಿಗೆ ಒಂದು ಹನಿ ಕೊಟ್ಟರು. ಗಂಟೆಗಳು ಸುರುಳಿ ಸುತ್ತಿಕೊಂಡವು, ತೆರೆಯಲಿಲ್ಲ. ಮುಕ್ಕಾಲಿಗೆ ಬೇರೆ ಗಂಟೆಗಳಿಗೆ ಇನ್ನೊಂದು. ಅರ್ಧದಷ್ಟು ತೆರೆದವು, ಸುಸ್ತಾಗಿ ನಿಂತವು. ಒಂದೂವರೆಗೆ ಮೂರನೆಯದು. ಬಾಗಿಲಲ್ಲಿ ಗೇಟಣ್ಣ ಟೋಪಿಯನ್ನು ಹಿಂಡುತ್ತ ನಿಂತಿದ್ದ. ಕೊಳದ ಅಂಚಿಗೆ ಒಂದು ಗೇಣು ಬಾಕಿ.

ಮೇಡಂ ನೋಡಿದರು, ಚೀಟಿ ಬರೆದು ಮಡಿಸಿದರು. ಮುಖದಲ್ಲಿ ಏನೂ ಇಲ್ಲ. ಸ್ಟೂಲು ಬಿಟ್ಟುಕೊಟ್ಟರು.

ಅವಳು ಕೂತಳು. ಬೆಳಕಿನ ವೃತ್ತದಲ್ಲಿ ಹತ್ತು ಹನ್ನೆರಡು ಗಂಟೆಗಳು ಮುದುಡಿದ್ದವು. ಗೋಡೆಯ ಆಚೆ ಒಂದು ಊರು ಮಧ್ಯಾಹ್ನದ ಪಾತ್ರೆ ತೊಳೆಯುತ್ತಿತ್ತು. ಅಷ್ಟೂ ನೀರು ಇವುಗಳ ಒಂದು ಉತ್ತರಕ್ಕೆ ಕಾಯುತ್ತಿತ್ತು. ಎಣಿಸಿದಳು. ಇಪ್ಪತ್ತು. ಮೂವತ್ತು. ಅಂಚಿನದೊಂದರ ಸುರುಳಿ ಸಡಿಲಿತು. ಕಾಂಡ ನೀಳವಾಯಿತು. ಬಾಯಿ ಅರಳಿ, ಸುಳಿ ಶುರುವಾಯಿತು. ಅದರ ಪಕ್ಕದ್ದು. ಅದರಾಚೆಯದು. ಒಂದೂ ಬಿಡದೆ. ಐದು ನಿಮಿಷ ಕಾದಳು, ಸುಳಿ ನಿಲ್ಲಲಿಲ್ಲ. ಅವಳ ಪೆನ್ನೂ ತಡೆಯಲಿಲ್ಲ.

ಎರಡೂ ಚೀಟಿಗಳನ್ನು ಮೇಡಂ ಮೇಜಿನ ಮೇಲೆ ಬಿಡಿಸಿದರು. ಒಂದರಲ್ಲಿ "ಎಲ್ಲ ತೆರೆದಿವೆ." ಇನ್ನೊಂದರಲ್ಲಿ "ತಿನ್ನುತ್ತಿವೆ, ಎತ್ತಬಹುದು."

"ಎತ್ತು," ಎಂದರು ಮೇಡಂ.

"ಎತ್ತಿದೆ ಅಂತಲೇ ತಿಳ್ಕೊಳ್ಳಿ!" ಗೇಟಣ್ಣನ ಹೆಜ್ಜೆ ಸದ್ದು ಅಂಗಳದಾಚೆ ಕರಗಿತು. ಚಕ್ರ ಕಿರುಗುಟ್ಟಿತು, ನೀರು ಧುಮುಕಿತು.

ನಾಲ್ಕರ ಹೊತ್ತಿಗೆ ಮೀಟರು ಮೂರಕ್ಕೆ ಇಳಿದಿತ್ತು, ಉಸಿರಾಡುವವರು ಮರಳಿದ್ದರು. ಅವಳಿನ್ನೂ ಸ್ಟೂಲಿನ ಮೇಲೆಯೇ ಇದ್ದಳು, ತೊಟ್ಟಿಯ ಮುಂಭಾಗದ ಹೊಸ ಹನಿಯೊಂದನ್ನು ನೋಡುತ್ತ.

"ಮೇಡಂ, ಈ ಜಾಗದಲ್ಲಿ ಕೂರ್ಬೇಕು ಅಂದ್ರೆ ಏನು ಓದ್ಬೇಕು?"

"ಈಗ ಕೂತಿದ್ದೀಯಲ್ಲ."

"ಈಗಲ್ಲ ಮೇಡಂ. ಯಾವಾಗ್ಲೂ."

ಮೇಡಂ ಕೈಚೀಲ ಹೆಗಲಿಗೇರಿಸುತ್ತಿದ್ದವರು ನಿಂತರು. "ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡ್ಬೇಕು. ಎರಡು ವರ್ಷ. ಆಮೇಲೆ ಸಂಬಳ ಕೇಳಿದ್ರೆ ನಗು ಬರುತ್ತೆ. ಏನು ಕೆಲಸ ಅಂತ ಹೇಳಿದ್ರೆ ಬಸ್ಸಲ್ಲಿ ಪಕ್ಕದ ಸೀಟು ಖಾಲಿಯಾಗುತ್ತೆ. ಮನೇಲಿ ಕೇಳಿಕೊಂಡು ಬಾ."

"ಕೇಳೋದಲ್ಲ ಮೇಡಂ, ಹೇಳ್ತೀನಿ... ಮೇಡಂ, ಒಂದ್ನಿಮಿಷ. ಇದಕ್ಕೇನೋ ಆಗ್ತಿದೆ."

ಒಂದು ಗಂಟೆಹುಳು ಅಗಲವಾಗುತ್ತಿತ್ತು. ನಡುವೆ ಒಂದು ಗೆರೆ ಮೂಡಿ, ಗೆರೆ ಕಣಿವೆಯಾಗಿ, ಒಂದೇ ಕಾಂಡದ ಮೇಲೆ ಈಗ ಎರಡು ಗಂಟೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಮೇಡಂ ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು. ಗೇಟಿನಾಚೆ ಐದರ ಬಸ್ಸು ಬಂದು, ಹಾರ್ನ್ ಹೊಡೆದು, ಹೋಯಿತು. ಇಬ್ಬರೂ ಏಳಲಿಲ್ಲ, ಸರದಿಯಲ್ಲಿ ಒಬ್ಬರಾದ ಮೇಲೊಬ್ಬರು ಬಾಗಿ ನೋಡಿದರು. ಕೊನೆಗೆ ಎರಡರಲ್ಲೊಂದು ಕಾಂಡದಿಂದ ಬಿಡಿಸಿಕೊಂಡಿತು. ಒಂದು ಗಳಿಗೆ ಅಲ್ಲೇ ತೂಗಾಡಿ, ಸೊಂಟದ ಸುತ್ತ ಆಗಷ್ಟೇ ಮೂಡಿದ ಸಣ್ಣ ರೋಮಗಳನ್ನು ಬೀಸುತ್ತ, ಕಂದು ಗುಡ್ಡಗಳ ನಡುವಿನ ಬೆಳಕಿನ ಓಣಿಯಲ್ಲಿ ತನ್ನ ಜಾಗ ಹುಡುಕುತ್ತ ಈಜಿಕೊಂಡು ಹೊರಟಿತು.